ಸೊಂಟದವರೆಗಿನ ಗೊಂಬೆ ಮತ್ತು ನಾನು

ನನ್ನ ಅಕ್ಷರ ಕೋಳಿ ಕೆದರಿದಂತಿದೆ, ಮಾತೂ ಅಷ್ಟಕ್ಕಷ್ಟೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು ಮೊದಲ ಬಾರಿಗೆ ಬರೆಯಲು ಕುಳಿತಿದ್ದೇನೆ. ಓದುವವರು ಸಹಿಸಿಕೊಳ್ಳಬೇಕು.

ಯಲಹಂಕದ ಕಡೆಯ ಒಂದು ಆಸ್ಪತ್ರೆಯಲ್ಲಿ ಕಸ ಗುಡಿಸಿ ನೆಲ ಒರೆಸುವುದು ನನ್ನ ಕೆಲಸ. ಅಲ್ಲಿ ತುರ್ತು ಚಿಕಿತ್ಸೆಯ ಡಾಕ್ಟರಮ್ಮನೊಬ್ಬರು ಸಂಶೋಧನೆ ನಡೆಸುತ್ತಿದ್ದಾರೆ. ಎದೆಬಡಿತ ನಿಂತು ಬಿದ್ದವರ ಎದೆಯನ್ನು, ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲಿದ್ದವರು ಸರಿಯಾಗಿ ಒತ್ತುತ್ತಿದ್ದರೆ ಜೀವ ಉಳಿಯಬಹುದಂತೆ. ಓದುಬರಹ ಅಷ್ಟಾಗಿ ಬಾರದವರೂ ಇದನ್ನು ಕಲಿಯಬಲ್ಲರೇ ಎಂಬುದು ಅವರ ಪ್ರಶ್ನೆ. ಕಲಿಯಬಲ್ಲರೆಂದು ಹಿರಿಯ ವೈದ್ಯರ ಮುಂದೆ ತೋರಿಸದಿದ್ದರೆ ಅವರ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಕಲಿಸಲೆಂದು ಸೊಂಟದವರೆಗೆ ಮಾತ್ರ ಇರುವ ರಬ್ಬರಿನ ಗೊಂಬೆಗಳಿವೆ. ಅಂಥವು ಇರುವ ಕಡೆ ನಗುವಿಗೆ ಬರವೇ?

೧. ಆಯುಧಪೂಜೆ

ಹಬ್ಬದ ದಿನ ಕಾರಿಗೆ ಪೂಜೆಯಾಯಿತು, ಲಿಫ್ಟಿಗೂ ಆಯಿತು. ಡಾಕ್ಟರಮ್ಮನ ಆಯುಧಕ್ಕೇಕೆ ಬೇಡವೆಂದು ನಾನೇ ಗೊಂಬೆಯನ್ನು ಮೇಜಿನ ಮೇಲೆ ಮಲಗಿಸಿದೆ. ಬಿಳಿ ಬಟ್ಟೆ ಹೊದಿಸಿ, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ, ತಲೆಯ ಬಳಿ ಎರಡು ಊದುಬತ್ತಿ ಹಚ್ಚಿದೆ.

ಕಲಿಯಲೆಂದು ಮತ್ತಿಕೆರೆಯಿಂದ ಬಂದ ಕಾಲೇಜು ಮಕ್ಕಳು ಬಾಗಿಲಲ್ಲೇ ನಿಂತು ಚಪ್ಪಲಿ ಬಿಟ್ಟರು. ಒಬ್ಬಳಂತೂ ಕಣ್ಣೊರೆಸಿಕೊಂಡಳು. ಹಿಂದೆಯೇ ಬಂದ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು:

“ಏನಮ್ಮ ಇದು! ನಾನು ಬದುಕಿಸೋಕೆ ಇಟ್ಕೊಂಡಿದ್ದೋನನ್ನ ನೀವು ಕಳಿಸಿಕೊಟ್ಟೇಬಿಟ್ರಲ್ಲ!”

೨. ಆಟೋದಲ್ಲಿ ಅರ್ಧ ಮನುಷ್ಯ

ಆರ್.ಟಿ. ನಗರದ ಹೆಂಗಸರಿಗೆ ಕಲಿಸಲು ಡಾಕ್ಟರಮ್ಮ ಮೊದಲೇ ಹೊರಟಿದ್ದರು. ಧೂಳಾಗದಿರಲೆಂದು ಗೊಂಬೆಗೆ ಕಂಬಳಿ ಸುತ್ತಿಕೊಂಡು ನಾನು ಆಟೋ ಹತ್ತಿದೆ. ಆಟೋ ಸಾಬರು ಕನ್ನಡಿಯಲ್ಲಿ ನೋಡಿ, “ಸೀರಿಯಸ್ಸಾ ಅಮ್ಮಾ?” ಎಂದರು. ಹೊಸಬರೊಡನೆ ಮಾತನಾಡಲು ನನಗೆ ನಾಚಿಕೆ, ತಲೆ ತಗ್ಗಿಸಿದೆ. ಅವರಿಗೆ ಅಷ್ಟೇ ಸಾಕಾಯಿತು.

“ಹಟೋ, ಹಟೋ! ಪೇಷಂಟ್ ಅದೆ, ಜಾಗ ಬಿಡ್ರೀ!”

ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸುಗಳೇ ನಮಗೆ ಪಕ್ಕ ಸರಿದವು. ಇಳಿಸುವಾಗ ಅವರೇ ಎತ್ತಿಕೊಳ್ಳಲೆಂದು ಕಂಬಳಿಯೊಳಗೆ ಕೈ ತೂರಿಸಿದರು. ಮುಖ ಬಿಳಿಚಿಕೊಂಡಿತು.

“ಯಾ ಅಲ್ಲಾ! ಅಮ್ಮಾ, ಕಾಲೆಲ್ಲಿ? ಹಂಪ್ ಮೇಲೆ ಎಗರಿಸಿದೆನಲ್ಲಾ, ಅಲ್ಲೇ ಬಿದ್ದೋಯ್ತಾ?”

ನಿಜ ತಿಳಿದ ಮೇಲೂ ಅವರು ಹೋಗಲಿಲ್ಲ. ಹೆಂಗಸರ ಹಿಂದೆ ಕುಳಿತು ತಾವೂ ಎದೆ ಒತ್ತುವುದನ್ನು ಕಲಿತೇ ಹೊರಟರು.

೩. ಕರೀ ಬೂಟು

ಹಿರಿಯ ವೈದ್ಯರು ಬಂದ ದಿನ, ಆರ್.ಟಿ. ನಗರದಲ್ಲಿ ಕಲಿತು ಒತ್ತಿ ತೋರಿಸಬೇಕಾಗಿದ್ದ ಒಬ್ಬ ಟೈಲರಮ್ಮನಿಗೆ ಜ್ವರ. ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

“ಅಮ್ಮ, ದಿನಾ ಗೊಂಬೆ ಒರೆಸಿದ ಮೇಲೆ ಬಾಗಿಲು ಹಾಕ್ಕೊಂಡು ಒತ್ತಿ ನೋಡ್ತೀರಲ್ಲ, ನಂಗೆ ಗೊತ್ತು. ಬನ್ನಿ.”

ನೆಲ ಒರೆಸುವ ಕೋಲನ್ನು ಗೋಡೆಗೊರಗಿಸಿ ಹೋದೆ. ನನ್ನವು ಚಿಕ್ಕಂದಿನಿಂದ ರಾಗಿ ಮುದ್ದೆ ತಿರುವಿದ ಕೈಗಳು. ಮಂಡಿಯೂರಿ, ಮೈಭಾರವನ್ನೆಲ್ಲ ಅಂಗೈಗೆ ತಂದೆ. ಒತ್ತು ಸರಿಯಿದ್ದರೆ ಗೊಂಬೆಯ ಭುಜದಲ್ಲಿ ಹಸಿರು ದೀಪ ಉರಿಯುತ್ತದೆ. ಅದು ಉರಿಯಿತು, ಆರಲೇ ಇಲ್ಲ.

ಅಷ್ಟರಲ್ಲಿ ನೆನಪಾಯಿತು: ಒತ್ತುವ ಮೊದಲೇ ಸಹಾಯಕ್ಕೆ ಕೂಗಬೇಕಿತ್ತು! ಗುಂಪಿಗೆಲ್ಲ ಕೂಗಿದರೆ ಯಾರೂ ಕದಲುವುದಿಲ್ಲ, ಒಬ್ಬರನ್ನೇ ಗುರುತು ಹಿಡಿದು ಹೇಳಬೇಕೆಂಬುದು ಡಾಕ್ಟರಮ್ಮನ ಪಾಠ. ತಗ್ಗಿಸಿದ ತಲೆಗೆ ಕಂಡದ್ದು ಮಿರಮಿರ ಮಿಂಚುವ ಒಂದು ಜೊತೆ ಬೂಟು ಮಾತ್ರ. ಕೈ ತೆಗೆಯದೆ ಕೂಗಿದೆ:

“ಏಯ್, ಕರೀ ಬೂಟು! ಏನ್ ನೋಡ್ತಾ ನಿಂತಿದ್ದೀಯಾ? ಆಂಬುಲೆನ್ಸಿಗೆ ಫೋನ್ ಮಾಡೋ!”

“ಮಾಡ್ದೆ ಅಮ್ಮ, ಮಾಡ್ದೆ!”

ಸಾಕೆನ್ನುವವರೆಗೆ ಒತ್ತಿ ತಲೆಯೆತ್ತಿದೆ. ಬೂಟಿನ ಮೇಲಿದ್ದವರು ಎಲ್ಲರಿಗಿಂತ ಹಿರಿಯ ವೈದ್ಯರು! ನಾನು ನೆಲ ಒರೆಸುವ ಕೋಲಿನ ಹಿಂದೆ ಅಡಗಲು ನೋಡಿದೆ. ಅವರು ಬೆವರೊರೆಸಿಕೊಂಡು, “ಡಾಕ್ಟರೇ, ನಿಮ್ಮ ಕೆಲಸ ನಿಲ್ಲಿಸಬೇಡಿ. ಇಂಥವರು ಬೀದಿಗೊಬ್ಬರು ಬೇಕು” ಎಂದರು. ಡಾಕ್ಟರಮ್ಮ ಎಲ್ಲರೆದುರು ನನ್ನ ಎರಡೂ ಕೈ ಹಿಡಿದುಕೊಂಡರು.

ಆಗಲೇ ಬಾಗಿಲು ದಢಾರನೆ ತೆರೆಯಿತು. ಸ್ಟ್ರೆಚರ್ ಹಿಡಿದ ಇಬ್ಬರು ಏದುಸಿರು ಬಿಡುತ್ತಾ ನುಗ್ಗಿದರು. ಹಿರಿಯರು ನಿಜವಾಗಿಯೇ ಫೋನ್ ಮಾಡಿದ್ದರು!

“ಪೇಷಂಟ್ ಎಲ್ಲಿ ಸಾರ್?”

“ಪೇಷಂಟ್ ಆರಾಮಾಗಿದ್ದಾನೆ. ನನ್ನನ್ನ ಕರ್ಕೊಂಡು ಹೋಗಿ. ಈಯಮ್ಮ ಗದರಿದ್ದಕ್ಕೆ ಎದೆ ಇನ್ನೂ ಹೊಡ್ಕೊಳ್ತಿದೆ!”

ಬರೆದುದರಲ್ಲಿ ತಪ್ಪುಗಳಿದ್ದರೆ ದಯವಿಟ್ಟು ಕ್ಷಮಿಸಬೇಕು.