ಲುವೊ ಚಿಕ್ಕಮ್ಮನ ಬಿಕ್ಕಳಿಕೆ

ಬೆಳಿಗ್ಗೆ ಖಾರದ ನೂಡಲ್ಸನ್ನು ಗಬಗಬನೆ ನುಂಗಿದ ಲುವೊ ಚಿಕ್ಕಮ್ಮನಿಗೆ ಬಿಕ್ಕಳಿಕೆ ಹಿಡಿಯಿತು. ಚೆಂಗ್ಡುವಿನ ಆ ವಠಾರದಲ್ಲಿ ಅದನ್ನು ಕೇಳಿ ಸಂತೋಷಪಟ್ಟವರು ಒಬ್ಬರೇ, ಪಾಂಗ್ ಮೇಷ್ಟ್ರು.

ಪಾಂಗ್ ಮೇಷ್ಟ್ರು ವೈದ್ಯ ಕಾಲೇಜಿನಲ್ಲಿ ಅಂಗರಚನೆ ಕಲಿಸುವವರು. ಸೂಜಿ ಚಿಕಿತ್ಸೆಯಲ್ಲಿ ಚುಚ್ಚುವ ಬಿಂದುಗಳನ್ನು ಹೆಣಗಳ ಮೇಲೆ ಗುರುತು ಹಾಕಿ, ಚರ್ಮ ಬಿಡಿಸಿ, ಅಡಿಯಲ್ಲಿ ಯಾವ ನರ, ಯಾವ ರಕ್ತನಾಳ ಇದೆಯೆಂದು ವರ್ಷಗಟ್ಟಲೆ ಹುಡುಕಿದ್ದರು. ಮಣಿಕಟ್ಟಿನಿಂದ ಮೂರು ಬೆರಳು ಮೇಲೆ ಚುಚ್ಚಿದರೆ ಬಿಕ್ಕಳಿಕೆ ನಿಲ್ಲುತ್ತದೆ ಎಂಬುದು ಊರಿಗೇ ಗೊತ್ತು. ಅಲ್ಲಿ ಒಳಗೊಂದು ದಪ್ಪ ನರವಿದೆ, ಕೆಲಸ ಮಾಡುವುದು ಆ ನರವೇ ಎಂಬುದು ಮೇಷ್ಟ್ರ ವಾದ. "ನರಾನೂ ಇಲ್ಲ, ಗಿರಾನೂ ಇಲ್ಲ, ಎಲ್ಲ ಕೈಗುಣ" ಎಂಬುದು ಕಾಲೇಜಿನ ಮುಖ್ಯಸ್ಥರಾದ ಹಿರಿಯ ಯಾನ್ ಪಂಡಿತರ ವಾದ.

ಇವತ್ತು ಮಧ್ಯಾಹ್ನ ಎಲ್ಲರೆದುರು ಪರೀಕ್ಷೆ. ಮೊದಲು ನರವಿಲ್ಲದ ಪಕ್ಕದ ಜಾಗಕ್ಕೆ ಚುಚ್ಚಬೇಕು, ಬಿಕ್ಕಳಿಕೆ ನಿಲ್ಲಬಾರದು. ಆಮೇಲೆ ನರದ ಮೇಲೆ ಚುಚ್ಚಬೇಕು, ನಿಲ್ಲಬೇಕು. ಹಾಗಾಗದಿದ್ದರೆ ಮೇಷ್ಟ್ರ ಸಂಶೋಧನೆಯ ಕೋಣೆಗೆ ಬೀಗ. ಆ ಕೋಣೆ ಬಿಟ್ಟರೆ ಅವರಿಗೆ ಬೇರೆ ಲೋಕವಿರಲಿಲ್ಲ. ಬದುಕಿರುವವರ ಜೊತೆ ಮಾತಾಡುವುದೆಂದರೆ ಅವರಿಗೆ ಬೆವರು ಬರುತ್ತಿತ್ತು. ಪರೀಕ್ಷೆಗೆಂದು ಗೊತ್ತು ಮಾಡಿದ್ದ ರೋಗಿಯ ಬಿಕ್ಕಳಿಕೆಯೋ ಹಿಂದಿನ ದಿನವೇ ತಾನಾಗಿ ನಿಂತುಹೋಗಿತ್ತು.

"ಚಿಕ್ಕಮ್ಮ, ಮಧ್ಯಾಹ್ನದವರೆಗೂ ಹೀಗೇ ಬಿಕ್ಕುತ್ತಾ ಇರ್ತೀರಾ?" ಎಂದು ಮೇಷ್ಟ್ರು ಅಂಗಲಾಚಿದರು. "ನನ್ನ ಮರ್ಯಾದೆ ಪ್ರಶ್ನೆ."

"ಅದೇನು ನನ್ನ ಕೈಲಿದ್ಯೇನಪ್ಪ... ಹಿಕ್... ಆದ್ರೂ ನಿನಗೋಸ್ಕರ ನೋಡ್ತೀನಿ."

ಬಿಕ್ಕಳಿಕೆಯೇನೋ ಗಟ್ಟಿಯಾಗಿತ್ತು. ವಠಾರದವರ ಕಾಟವೇ ಹೆಚ್ಚಾಯಿತು. ಕ್ಷೌರದ ತಾವೊ ಹಿಂದಿನಿಂದ ಸದ್ದಿಲ್ಲದೆ ಬಂದು, "ಅಕ್ಕಾ, ನನ್ನ ಕೋಳಿ ಕದ್ದಿದ್ದು ನೀನೇ ಅಂತಲ್ಲ?" ಎಂದು ಗದರಿಸಿದ. ಗಾಬರಿಯಾದರೆ ಬಿಕ್ಕಳಿಕೆ ನಿಲ್ಲುತ್ತದಲ್ಲ, ಅದಕ್ಕೆ. ಚಿಕ್ಕಮ್ಮ ಬಾಯಿ ತೆರೆದು ನಿಂತಳು. ಮೇಷ್ಟ್ರ ಜೀವ ಬಾಯಿಗೆ ಬಂತು.

"ಯಾವ ಕೋಳಿಯೋ... ಹಿಕ್... ಬೇವರ್ಸಿ?"

ಮೇಷ್ಟ್ರು ಉಸಿರು ಬಿಟ್ಟರು. ಅಷ್ಟರಲ್ಲಿ ಗಿಡಮೂಲಿಕೆ ಅಂಗಡಿಯ ವೆಯ್ ಅಜ್ಜ ಪರ್ಸಿಮನ್ ಹಣ್ಣಿನ ತೊಟ್ಟಿನ ಕಷಾಯ ಹಿಡಿದು ಬಂದ. ಬಿಕ್ಕಳಿಕೆಗೆ ಅದಕ್ಕಿಂತ ಒಳ್ಳೆ ಮದ್ದಿಲ್ಲ. ಚಿಕ್ಕಮ್ಮ ಕೈಚಾಚುವ ಮೊದಲೇ ಮೇಷ್ಟ್ರು ಬಟ್ಟಲು ಕಿತ್ತುಕೊಂಡು ಗಟಗಟನೆ ಕುಡಿದುಬಿಟ್ಟರು.

"ಬಿಕ್ಕಳಿಕೆ ಅವಳಿಗೆ ಕಣೋ, ನೀನ್ಯಾಕೆ ಕುಡಿದೆ?"

"ಮುಂದೆಂದಾದ್ರೂ ಬಂದ್ರೆ ಇರ್ಲಿ ಅಂತ, ಅಜ್ಜ."

ಇನ್ನು ಇಲ್ಲಿದ್ದರೆ ಕೆಲಸ ಕೆಟ್ಟಿತೆಂದು ಮೇಷ್ಟ್ರು ಚಿಕ್ಕಮ್ಮನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟರು. ಒಂದೊಂದು ಬಿಕ್ಕಿಗೂ ಸೈಕಲ್ ಸೊಟ್ಟಗಾಗುತ್ತಿತ್ತು, ಮೇಷ್ಟ್ರಿಗೆ ಅದೇ ಸಂಗೀತ. ಚಹಾದಂಗಡಿಯ ತಿರುವು ದಾಟಿದ ಮೇಲೆ ಸೈಕಲ್ ನೆಟ್ಟಗೆ ಓಡತೊಡಗಿತು. ಮೇಷ್ಟ್ರು ಬ್ರೇಕ್ ಹಾಕಿ ತಿರುಗಿದರು. ಮುಖ ಬಿಳುಚಿಕೊಂಡಿತ್ತು.

"ಚಿಕ್ಕಮ್ಮಾ?"

ಚಿಕ್ಕಮ್ಮ ಅವರ ಮುಖವನ್ನು ಒಂದು ಗಳಿಗೆ ನೋಡಿದಳು. "ಹಿಕ್" ಎಂದಳು. ಮೇಷ್ಟ್ರು ಮತ್ತೆ ಪೆಡಲ್ ತುಳಿದರು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಯಾನ್ ಪಂಡಿತರು ಗಡ್ಡ ನೀವಿಕೊಳ್ಳುತ್ತ ಕೂತಿದ್ದರು. ಚಿಕ್ಕಮ್ಮ ತೋಳು ಚಾಚಿದಳು. ಮೇಷ್ಟ್ರು ಎದುರು ನಿಂತು, ಕೈ ಜೋಡಿಸಿ, ನಡು ಬಗ್ಗಿಸಿ ನಮಸ್ಕಾರ ಮಾಡಿದರು. ದೇಹದಾನ ಮಾಡಿದವರಿಗೆ ಕೆಲಸಕ್ಕೆ ಮೊದಲು ಹಾಗೆ ನಮಿಸುವುದು ಅವರ ಕೋಣೆಯ ರೂಢಿ.

"ನಾನಿನ್ನೂ ಸತ್ತಿಲ್ಲ ಕಣಪ್ಪ... ಹಿಕ್" ಎಂದಳು ಚಿಕ್ಕಮ್ಮ. ಸಭೆ ನಕ್ಕಿತು. ಮೇಷ್ಟ್ರ ಕಿವಿ ಕೆಂಪಾಯಿತು.

ಅವಳ ಬೆರಳುಗಳಿಂದಲೇ ಅಳೆದು, ನರದಿಂದ ಪಕ್ಕಕ್ಕೆ ಸರಿದು, ಬರೀ ಮಾಂಸವಿರುವ ಕಡೆ ಸೂಜಿ ಇಳಿಸಿದರು. "ಇಲ್ಲಿ ನರವಿಲ್ಲ. ಬಿಕ್ಕಳಿಕೆ ನಿಲ್ಲೋದಿಲ್ಲ, ನೋಡಿ" ಎಂದರು.

ಸಭೆ ಕಿವಿಗೊಟ್ಟಿತು. ಚಿಕ್ಕಮ್ಮ ಗಂಭೀರವಾಗಿ ಕೂತಿದ್ದಳು. ಬಿಕ್ಕಳಿಕೆ ಬರಲಿಲ್ಲ. ಮೇಷ್ಟ್ರು ಕಾದರು, ಕಣ್ಣಲ್ಲೇ ಬೇಡಿಕೊಂಡರು. ಅವಳು ಅವರತ್ತ ನೋಡಿ ಪ್ರೀತಿಯಿಂದ ನಕ್ಕಳು.

"ಅಲ್ಲಿ ನರ ಇಲ್ಲ ಅಂದ್ಯಲ್ಲಯ್ಯ?" ಎಂದು ಯಾನ್ ಪಂಡಿತರು ಎದ್ದು ನಿಂತರು. "ನಿಂತೇ ಹೋಯ್ತಲ್ಲ. ಇದಕ್ಕೇ ಕೈಗುಣ ಅನ್ನೋದು. ಇಂಥ ಕೈನ ಹೆಣಗಳ ಮಧ್ಯೆ ಕೊಳೆಹಾಕಿದ್ದೀಯಲ್ಲ. ನಾಳೆಯಿಂದ ಹೊರರೋಗಿಗಳ ವಿಭಾಗಕ್ಕೆ ಬಾ, ಜನ ಸಾಲುಗಟ್ಟಿ ನಿಲ್ತಾರೆ. ಆ ಕೋಣೆ ಬೀಗದಕೈ ಕೊಡಿಲ್ಲಿ."

ಚಪ್ಪಾಳೆಯ ನಡುವೆ ಮೇಷ್ಟ್ರು ಬೀಗದಕೈ ಕೊಟ್ಟರು.

ಹೊರಗೆ ಸೈಕಲ್ ಹತ್ತಿರ ಚಿಕ್ಕಮ್ಮ ಹೆಮ್ಮೆಯಿಂದ ಕಾಯುತ್ತಿದ್ದಳು. "ಹೇಗೆ, ಮರ್ಯಾದೆ ಉಳಿಸಿದ್ನಾ? ಬಿಕ್ಕಳಿಕೆ ಚಹಾದಂಗಡಿ ಹತ್ರಾನೇ ನಿಂತೋಯ್ತು. ನಿನ್ ಮುಖ ನೋಡಿ ಪಾಪ ಅನ್ನಿಸ್ತು, ಸುಮ್ನೆ ಬಿಕ್ಕುತ್ತಾ ಬಂದೆ. ನಿಲ್ಲೋದಿಲ್ಲ ಅಂತ ನೀನೇ ಧೈರ್ಯಗೆಟ್ಟು ಅಂದ್ಬಿಟ್ಟೆ, ಆದ್ರೂ ನೀನು ಸೂಜಿ ಚುಚ್ಚಿದ್ ತಕ್ಷಣ ನಾನು ನಿಲ್ಲಿಸ್ದೆ. ಅಷ್ಟು ಜನರ ಮುಂದೆ ಹುಡುಗನ ಸೂಜಿ ನಾಟಲಿಲ್ಲ ಅನ್ನಿಸ್ಬಾರ್ದು ನೋಡು."

ಮೇಷ್ಟ್ರಿಗೆ ಸಿಟ್ಟು, ಅಳು, ಮತ್ತೆ ಎಲ್ಲೋ ಒಂದು ಚೂರು ಆಸೆ, ಒಟ್ಟಿಗೇ ಉಕ್ಕಿದವು. ಹಾಗಾದರೆ ತನ್ನ ನರ ಸೋತಿಲ್ಲ. ಒಳಗೆ ಓಡಿ ನಿಜ ಹೇಳಬೇಕು. "ಚಿಕ್ಕಮ್ಮ, ಬನ್ನಿ, ಈ ಮಾತನ್ನ ಅವರ ಮುಂದೇನೇ... ಹಿಕ್."

ಕಷಾಯ ಕುಡಿದಿದ್ದೂ ದಂಡವಾಯಿತು. ಬಾಯಿ ತೆರೆದರೆ ಬಿಕ್ಕೇ ಹೊರತು ಮಾತಿಲ್ಲ.

"ಎಲ್ಲಿ, ಕೈ ಕೊಡಿಲ್ಲಿ" ಎಂದು ಚಿಕ್ಕಮ್ಮ ಅವರ ಮುಂಗೈ ಹಿಡಿದು, ತನಗೆ ಅವರು ಚುಚ್ಚಿದ ಜಾಗವನ್ನೇ ನೆನಪಿಟ್ಟು, ಹೆಬ್ಬೆರಳ ಉಗುರಿನಿಂದ ಒತ್ತಿದಳು.

ಬಿಕ್ಕಳಿಕೆ ನಿಂತುಹೋಯಿತು.

ಮೇಷ್ಟ್ರು ತಮ್ಮ ಕೈಯನ್ನೇ ನೋಡುತ್ತ ನಿಂತರು. ಉಗುರಿನ ಕೆಂಪು ಗುರುತು ಸರಿಯಾಗಿ ನರವಿಲ್ಲದ ಕಡೆಯೇ ಮೂಡಿತ್ತು. ಅಲ್ಲಿ ಬರೀ ಮಾಂಸ, ಅವರೇ ಎಷ್ಟೋ ಸಲ ಬಿಡಿಸಿ ನೋಡಿದ್ದರು. ಏನನ್ನೋ ನೋಡದೆ ಬಿಟ್ಟಿದ್ದೆನೇ? ಈಗಲೇ ಹೋಗಿ ಇನ್ನೊಂದು ತೋಳು ಬಿಡಿಸಿ ನೋಡಬೇಕೆಂದು ಕಾಲುಗಳು ತಾವಾಗಿ ಕೋಣೆಯ ಕಡೆ ಹೊರಟವು. ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು.