ಆಯ ನೋಡಿ ಕಟ್ಟಿದ ಗಿಟಾರು

ನನ್ನ ಗಂಟಲು ದೇವರು ಕೊಟ್ಟದ್ದು. ಅದಕ್ಕೆ ಹೊಂದುವ ಶ್ರುತಿ ಕೊಡಬೇಕಾದವರು ರಾಮಕುಂಜದ ನಮ್ಮ ಭಜನಾ ಮಂಡಳಿಯವರು. ದೇವರು ತನ್ನ ಕೆಲಸ ಮಾಡಿದ್ದಾನೆ, ಮಂಡಳಿ ಮಾಡಿಲ್ಲ. ಹಾರ್ಮೋನಿಯಂ ಬಾರಿಸುವ ಹರಿಪ್ರಸಾದ್ ಪ್ರತಿ ಶನಿವಾರ ಶ್ರುತಿಯನ್ನು ಎಷ್ಟು ಮೇಲೆ ಹಿಡಿಯುತ್ತಾನೆಂದರೆ, ಅಲ್ಲಿಗೆ ಹತ್ತಲು ನನಗೆ ಏಣಿ ಬೇಕು. ಹಾಗಾಗಿ ವರ್ಷಗಳಿಂದ ನನ್ನ ಕೈಗೆ ತಾಳ ಕೊಟ್ಟು ಬಾಯಿಗೆ ಬೀಗ ಹಾಕಿದ್ದಾರೆ. ಸಾಯುವುದರೊಳಗೆ ಒಮ್ಮೆಯಾದರೂ ನಾಲ್ಕು ಜನರ ಎದುರು ಹಾಡಬೇಕೆಂಬುದು ನನ್ನ ಆಸೆ. (ಯಾರು ಸಾಯುವುದರೊಳಗೆ ಎಂದು ನನ್ನ ಹೆಂಡತಿ ಕಮಲಾವತಿ ಕೇಳುತ್ತಾಳೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.)

ಹೀಗಿರುವಾಗ ಮೊಬೈಲಿನಲ್ಲಿ ನನಗೆ ಬ್ಯಾರಿಟೋನ್ ಗಿಟಾರಿನ ದರ್ಶನವಾಯಿತು. ಮಾಮೂಲಿ ಗಿಟಾರಿಗಿಂತ ಅದರ ತಂತಿ ಎರಡು ಮೂರು ಇಂಚು ಉದ್ದ, ಸ್ವರವೂ ಅಷ್ಟೇ ಕೆಳಗೆ. ನನ್ನ ಗಂಟಲಿಗೆ ಅಳತೆ ತೆಗೆದು ಹೊಲಿದ ಹಾಗಿತ್ತು. ಪುತ್ತೂರಿನ ಅಂಗಡಿಗಳಲ್ಲಿ ಕೇಳಿದರೆ ಅಂಥದ್ದೊಂದು ಇದೆ ಎಂಬುದೇ ಯಾರಿಗೂ ತಿಳಿದಿರಲಿಲ್ಲ. ಸರಿ, ನಾನೇ ಮಾಡುತ್ತೇನೆ ಎಂದು ನಿಶ್ಚಯಿಸಿದೆ. ಬಚ್ಚಲ ಅಟ್ಟದಲ್ಲಿ ಹೊಗೆ ಕುಡಿದು ಒಣಗಿದ ಹಲಸಿನ ಹಲಗೆಯಿತ್ತು. ಹಲಸಿನಿಂದ ವೀಣೆ ಆಗುತ್ತದೆ, ಮದ್ದಳೆ ಆಗುತ್ತದೆ, ಗಿಟಾರು ಯಾಕೆ ಆಗಬಾರದು?

"ಅದು ದೇವರ ಮಂಟಪಕ್ಕೆ ಇಟ್ಟದ್ದು," ಎಂದಳು ಕಮಲಾವತಿ. "ನಮ್ಮ ದೇವರು ಈಗಲೂ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾರೆ. ನಿಮಗೆ ಕಾಣುದಿಲ್ವಾ?"

"ಸಂಗೀತವೂ ದೇವರ ಸೇವೆಯೇ ಮಾರಾಯ್ತಿ."

"ಹಾಗಾದ್ರೆ ಮೊದಲು ದೇವರನ್ನು ಕೇಳಿ ಬನ್ನಿ."

ನಾನು ಕೇಳಲಿಲ್ಲ, ನಕ್ಷೆಗೆ ಕುಳಿತೆ. ಯಾರದೋ ಅಭಿನಂದನೆಯ ಹಳೆಯ ಫ್ಲೆಕ್ಸನ್ನು ಚಾವಡಿಯಲ್ಲಿ ಬೋರಲಾಗಿ ಹಾಸಿ, ಅದರ ಬೆನ್ನ ಮೇಲೆ ಗಿಟಾರನ್ನು ಪೂರ್ಣ ಗಾತ್ರದಲ್ಲಿ ಬರೆದೆ. ಅಳಿಸಿ ಪುನಃ ಬರೆದೆ. ಮನೆಯವರೆಲ್ಲ ಗಿಟಾರಿಗೆ ಪ್ರದಕ್ಷಿಣೆ ಹಾಕಿ ಅಡುಗೆಮನೆಗೆ ಹೋಗತೊಡಗಿದರು. ಮಹಾಕಾರ್ಯಗಳಿಗೆ ಯೋಜನೆಯೇ ಪ್ರಾಣ ಎಂದು ನಾನು ಭಾಷಣ ಮಾಡುತ್ತಿದ್ದೆ. ಒಂದು ದಿನ ಪೇಟೆಯಿಂದ ಬಂದು ನೋಡುತ್ತೇನೆ, ಫ್ಲೆಕ್ಸ್ ಅಂಗಳದ ಬಿಸಿಲಿನಲ್ಲಿದೆ, ಗಿಟಾರಿನ ಹೊಟ್ಟೆಯ ತುಂಬ ಹಪ್ಪಳ.

ಇನ್ನು ಮೇಲಿನ ಕೋರ್ಟಿಗೇ ಹೋಗಬೇಕು ಎನ್ನಿಸಿತು. ಕಮಲಾವತಿ ಎದುರಾಡದ ಜೀವ ಲೋಕದಲ್ಲಿ ಒಂದೇ: ಕೊಲ್ಲಮೊಗ್ರಿನ ಅವಳ ಸೋದರಮಾವ ಗುರುವಪ್ಪ. ಮನೆ ಕಟ್ಟುವವರಿಗೆಲ್ಲ ಆಯ ನೋಡಿಕೊಡುವುದು ಅವರ ಹವ್ಯಾಸ. ಉದ್ದ ಅಗಲ ಗುಣಿಸಿ ಭಾಗಿಸಿದರೆ ಉಳಿಯುವ ಶೇಷದಲ್ಲಿ ಮನೆಯ ಹಣೆಬರಹ ಇರುತ್ತದಂತೆ. ಧ್ವಜಾಯ, ಗಜಾಯ ಬಂದರೆ ಶುಭ. ಖರಾಯ ಎಂದರೆ ಕತ್ತೆಯದು, ಅಶುಭ. ಅವರು ಅಳತೆಗೆ ಒಪ್ಪಿಗೆ ಕೊಟ್ಟರೆ ಕಮಲಾವತಿ ತೆಪ್ಪಗಾಗುತ್ತಾಳೆಂದು ನಾನೇ ಫೋನು ಮಾಡಿ ಅವರನ್ನು ಕರೆಸಿದೆ. ಇಂಥ ಬುದ್ಧಿ ನನ್ನನ್ನು ಬಿಟ್ಟರೆ ಬೇರೆ ಯಾರಿಗೂ ಬರಲಿಕ್ಕಿಲ್ಲ.

ಮಾವ ನಕ್ಷೆಯ ಸುತ್ತ ನಡೆದರು. "ಒಳಗೆ ಟೊಳ್ಳು, ಎದುರಿಗೆ ಕಂಡಿ, ಸುತ್ತ ಗೋಡೆ. ಇದು ಮನೆಯೇ ಅಲ್ವಾ ಮಾರಾಯ?"

"ಗಿಟಾರು ಮಾವ."

"ಹೆಸರು ಎಂತ ಬೇಕಾದ್ರೂ ಇಡು. ಆಯ ಆಯವೇ." ಲೆಕ್ಕ ಹಾಕಿ ಹಣೆ ಚಚ್ಚಿಕೊಂಡರು. "ಖರಾಯ! ನೀನು ಹಾಡಿದ್ರೆ ಕತ್ತೆ ಕೂಗಿದ ಹಾಗೆ ಕೇಳ್ತದೆ."

"ಗಿಟಾರು ಇಲ್ಲದೆಯೂ ಹಾಗೇ ಕೇಳುದು," ಎಂದಳು ಒಳಗಿನಿಂದ ಕಮಲಾವತಿ.

ಅಗಲ ತುಸು ಹೆಚ್ಚಿಸಿದರೆ ಗಜಾಯ ಬರುತ್ತದೆ ಎಂದರು. ತುಸು ತಾನೇ, ಒಪ್ಪಿದೆ. ಮುಂದಿನ ಭೇಟಿಯಲ್ಲಿ ಗಿಟಾರಿನ ಸೊಂಟ ಅವರಿಗೆ ಹಿಡಿಸಲಿಲ್ಲ. ನಡುವೆ ಕೊರೆದ ಮನೆಯಲ್ಲಿ ಸಂಪತ್ತು ನಿಲ್ಲುವುದಿಲ್ಲವಂತೆ. ಸೊಂಟ ನೇರವಾಯಿತು. ದುಂಡು ಕಂಡಿಯಿಂದ ಯಾವ ಮನೆಗಾದರೂ ಹೋಗ್ತಾರಾ ಎಂದು ಕೇಳಿದರು, ಕಂಡಿ ಚೌಕವಾಯಿತು. ಕುತ್ತಿಗೆ ದಕ್ಷಿಣಕ್ಕೆ ಚಾಚಿದೆ ಎಂದು ಅದನ್ನೂ ತೆಗೆಸಿ, ಬೇಕಾದರೆ ಮೇಲೆ ಒಂದು ಸಣ್ಣ ಗೋಪುರ ಇಡಬಹುದು ಎಂದರು. ಪ್ರತಿ ಬದಲಾವಣೆಯೂ ಸಣ್ಣದೇ, ಪ್ರತಿ ಸಲವೂ ಕಮಲಾವತಿ ಮಾವನಿಗೆ ಬಿಸಿಬಿಸಿ ನೀರುದೋಸೆ ಹಾಕುತ್ತಿದ್ದಳು. ಅದನ್ನು ನಾನು ಅತಿಥಿಸತ್ಕಾರ ಎಂದುಕೊಂಡಿದ್ದೆ.

ಕಬಕದಲ್ಲಿ ಮರದ ಮಿಲ್ಲು ಇಟ್ಟಿರುವ ಹೈದರ್ ನನ್ನ ಹಳೆಯ ದೋಸ್ತಿ. ಹಲಗೆ, ನಕ್ಷೆ ಎರಡನ್ನೂ ಅವನಿಗೆ ಒಪ್ಪಿಸಿ, ನಕ್ಷೆಯಲ್ಲಿದ್ದ ಹಾಗೆಯೇ ಆಗಬೇಕು, ಕೂದಲೆಳೆ ವ್ಯತ್ಯಾಸ ಬೇಡ ಎಂದು ತಾಕೀತು ಮಾಡಿದೆ. ಕೆಲಸ ಮುಗಿದಾಗ ಅವನೇ ಫೋನು ಮಾಡಿದ.

"ಜಯಣ್ಣಾ, ಚಂದ ಬಂದಿದೆ. ಆದ್ರೆ ಇದಕ್ಕೆ ತಂತಿ ಎಲ್ಲಿ ಕಟ್ಟುದು? ಗಂಟೆ ಕಟ್ಲಿಕ್ಕಾದ್ರೆ ಒಳ್ಳೆ ಜಾಗ ಉಂಟು."

ಹೋಗಿ ನೋಡಿದೆ. ನಾಲ್ಕು ಮೂಲೆ, ಎದುರಿಗೆ ಬಾಗಿಲು, ಮೇಲೆ ಗೋಪುರ. ಸಾಕ್ಷಾತ್ ಮಂಟಪ! ಮನೆಗೆ ತಂದಾಗ ಕಮಲಾವತಿ ಮಾತ್ರ, "ಅಯ್ಯೋ, ಇದೆಂತ ಹೀಗಾಯ್ತು?" ಎಂದು ಕೆನ್ನೆಗೆ ಕೈ ಇಟ್ಟುಕೊಂಡಳು. ಆಗಲೇ ಸ್ಟೂಲು ತೆಗೆದು ನೆಲ ಒರೆಸಿಯಾಗಿತ್ತು.

ಮಂಟಪದಲ್ಲಿ ದೇವರನ್ನು ಕೂರಿಸಿದ ಸಂಜೆ ಮನೆಯಲ್ಲೇ ಭಜನೆ. ನನ್ನ ಬಾಡಿದ ಮುಖ ನೋಡಿ ಅವಳಿಗೂ ಪಾಪ ಅನ್ನಿಸಿರಬೇಕು. ಹರಿಪ್ರಸಾದನ ಬಳಿ ಬಂದು, "ಇವತ್ತು ಇವರೂ ಒಂದು ಹಾಡು ಹೇಳ್ಲಿ. ಇವರಿಗೆ ಆಗುವ ಹಾಗೆ ಶ್ರುತಿ ಸ್ವಲ್ಪ ಕೆಳಗೆ ಹಿಡೀತೀರಾ?" ಎಂದಳು.

"ಅದಕ್ಕೆಂತ ಅಕ್ಕ, ಒಂದು ಮಾತು ಹೇಳಿದ್ರೆ ಯಾವಾಗಲೋ ಹಿಡೀತಿದ್ದೆ," ಎಂದು ಅವನು ಹಾರ್ಮೋನಿಯಂನಲ್ಲಿ ನಾಲ್ಕು ಮನೆ ಕೆಳಗೆ ಬೆರಳು ಇಟ್ಟ.

ಇಷ್ಟು ವರ್ಷಗಳಲ್ಲಿ ಆ ಒಂದು ಮಾತು ನನ್ನ ತಲೆಗೆ ಬಂದಿರಲಿಲ್ಲ. ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿದೆ. ಗುಡುಗಿದ ಹಾಗೆ ಬಂತು! ಎಲ್ಲರೂ ತಲೆದೂಗಿದರು. ಹಾರ್ಮೋನಿಯಂ ಎರಡನೆಯ ಸಾಲಿಗೆ ದಾರಿ ಬಿಟ್ಟು ಕಾಯಿತು. ನಾನೂ ಕಾಯತೊಡಗಿದೆ. ಎರಡನೆಯ ಸಾಲು ನನಗೆ ಗೊತ್ತೇ ಇರಲಿಲ್ಲ! ಯಾವ ಅಕ್ಷರಕ್ಕೆ ತಾಳ ಹೊಡೆಯಬೇಕೆಂಬುದನ್ನು ಬಿಟ್ಟರೆ ಹಾಡಿನಿಂದ ನಾನು ಏನನ್ನೂ ಕಲಿತಿರಲಿಲ್ಲ. ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಆಗ ಅಡುಗೆಮನೆಯ ಬಾಗಿಲಿನಿಂದ ಎರಡನೆಯ ಸಾಲು ಬಂತು, ಮೂರನೆಯದೂ ಬಂತು. ಕಮಲಾವತಿ ಕೈಯಲ್ಲಿ ಪಂಚಕಜ್ಜಾಯದ ತಟ್ಟೆ ಹಿಡಿದುಕೊಂಡೇ ಹಾಡನ್ನು ಕೊನೆ ಮುಟ್ಟಿಸಿದಳು. ಹರಿಪ್ರಸಾದ್ ಅಲ್ಲಿಯೇ ಅವಳನ್ನು ಮಂಡಳಿಗೆ ಸೇರಿಸಿಕೊಂಡ.

ಈಗ ಪ್ರತಿ ಶನಿವಾರ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮಂದಿರಕ್ಕೆ ಹೋಗುತ್ತೇನೆ. ದಾರಿಯುದ್ದಕ್ಕೂ ಪಾಠ. ಹೆಲ್ಮೆಟ್ಟಿನೊಳಗೆ ನನ್ನ ಸ್ವರ ಎಷ್ಟು ಗಂಭೀರವಾಗಿ ಮೊಳಗುತ್ತದೆ ಎಂದರೆ ನನಗೇ ರೋಮಾಂಚನವಾಗುತ್ತದೆ. ಆಗ ಬೆನ್ನಿಗೊಂದು ತಿವಿತ.

"ಪುನಃ ತಪ್ಪಿತು. ಮೊದಲಿನಿಂದ ಹೇಳಿ."