ಹಾಲಿನ ಕೂಗಿಗೆ ಕೆಂಪು ದೀಪ ತೋರಿಸಿದವರಿಗೆ

ಮಾನ್ಯ ಧ್ವನಿಮುದ್ರಣ ಪೆಟ್ಟಿಗೆಯವರೇ,

‘ಆಡಿದವರು ಎದ್ದು ಹೋದ ಮೇಲೂ ದನಿ ಮನೆಯಲ್ಲೇ ಕೂತಿರುತ್ತದೆ’ ಎಂಬಂಥ ಸಾಲೊಂದನ್ನು ಎಂದೋ ಎಲ್ಲೋ ಓದಿದ ನೆನಪು. ಯಾವ ಪುಸ್ತಕ, ಬರೆದವರು ಯಾರು ಎಂಬುದು ಮರೆತುಹೋಗಿದೆ. ಕೂತಿರುತ್ತದೆ ಎಂದಿತ್ತೋ ಕಾದಿರುತ್ತದೆ ಎಂದಿತ್ತೋ, ಅದೂ ಖಚಿತವಿಲ್ಲ. ಇಪ್ಪತ್ತೆರಡು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳಿಗೆ ಇದು ಶೋಭೆ ತರುವ ಮಾತಲ್ಲ. ಓದಿದಾಗ ಬಹಳ ಹಿಡಿಸಿದ್ದ ಆ ಸಾಲಿನ ಮೇಲೆ ಈಗ ನನಗೆ ಅನುಮಾನ ಹುಟ್ಟಿದೆ. ಕೂತಿರುವುದಾದರೆ ಎಲ್ಲಿ, ಯಾವ ಕುರ್ಚಿಯ ಮೇಲೆ? ಐದು ವಾರಗಳಿಂದ ಮನೆಯ ಮೂಲೆ ಮೂಲೆ ಹುಡುಕಿ ಕಡೆಗೆ ತಮ್ಮ ಬಾಗಿಲಿಗೆ ಬಂದಿದ್ದೇನೆ, ಏಕೆಂದರೆ ಆ ದನಿಯನ್ನು ಕೊನೆಯದಾಗಿ ಕೈಯಾರೆ ಇಸಿದುಕೊಂಡವರು ತಾವು.

ತಾವು ಕ್ಷೇಮವೆಂದು ಭಾವಿಸುತ್ತೇನೆ. ಮೇಜಿನ ಮೇಲೆ ತಮ್ಮ ಹಸಿರು ದೀಪ ಈಗಲೂ ಉರಿಯುತ್ತಿರುವುದರಿಂದ ಹಾಗೆ ಭಾವಿಸಲು ಆಧಾರವೂ ಇದೆ. ಅಂಗೈಗಿಂತ ಚೂರು ದೊಡ್ಡದಾದ ಮೈ, ಮುಂದುಗಡೆ ಎರಡು ತಿರುಗಿಸುವ ಗುಂಡಿ, ಮೈಕಿನ ತಂತಿಗೊಂದು ತೂತು, ಕಂಪ್ಯೂಟರಿಗೆ ಸಿಕ್ಕಿಸಲು ಹಿಂದೊಂದು ಯುಎಸ್‌ಬಿ ಬಾಲ; ಇಷ್ಟರಲ್ಲೇ ಸಂಸಾರ ತೂಗಿಸುವ ತಮ್ಮ ಮಿತವ್ಯಯ ಮೆಚ್ಚಬೇಕಾದ್ದು. ತಮ್ಮನ್ನು ಕೊಂಡವರು ಬರೆದ ಅಭಿಪ್ರಾಯಗಳನ್ನೆಲ್ಲ ನಾನು ಮೊದಲೇ ಓದಿದ್ದೆ. ಒಬ್ಬ ಗಿಟಾರ್ ವಾದಕರು ‘ಬೆಲೆಗೆ ತಕ್ಕ ಮಾಲು’ ಎಂದಿದ್ದರು. ಅದು ಹೊಗಳಿಕೆಯೋ ಎಚ್ಚರಿಕೆಯೋ ಎಂದು ಯೋಚಿಸಲು ಆಗ ಪುರುಸೊತ್ತಿರಲಿಲ್ಲ. ಇನ್ನೊಬ್ಬರು ‘ಅರ್ಧ ಗಂಟೆಯಲ್ಲಿ ಬಿಸಿಯಾಗುತ್ತದೆ, ಚಳಿಗಾಲಕ್ಕೆ ಅನುಕೂಲ’ ಎಂದು ನಾಲ್ಕು ನಕ್ಷತ್ರ ಕೊಟ್ಟಿದ್ದರು. ಮತ್ತೊಬ್ಬರು ‘ಪಾರ್ಸೆಲ್ ಭದ್ರವಾಗಿ ಬಂತು, ಇನ್ನೂ ಬಿಚ್ಚಿಲ್ಲ’ ಎಂದು ಐದೂ ನಕ್ಷತ್ರ ಸುರಿದಿದ್ದರು. ನಮ್ಮೆಲ್ಲರಿಗಿಂತ ಸುಖವಾಗಿರುವವರು ಅವರೇ ಎಂದು ಈಗ ಅನ್ನಿಸುತ್ತದೆ. ನಾನೂ ಅಲ್ಲೇ ಬರೆಯಬಹುದಿತ್ತು. ಆದರೆ ಅಲ್ಲಿ ಕೊಟ್ಟಿರುವ ಜಾಗ ನಾಲ್ಕು ಸಾಲಿನದು, ನನ್ನ ಅತ್ತೆ ನಾಲ್ಕು ಸಾಲಿನಲ್ಲಿ ಹಿಡಿಸುವವರಲ್ಲ.

ಅತ್ತೆಯವರಿಗೆ ಎಪ್ಪತ್ತಾರು. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಅದನ್ನು ಪೂರ್ತಿ ತೆಗೆದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ವೈದ್ಯರು ಶಸ್ತ್ರಚಿಕಿತ್ಸೆಗೆ ಹನ್ನೆರಡು ದಿನ ಮುಂಚೆ ತಿಳಿಸಿದಾಗ ಅತ್ತೆ, ‘ಸರಿ, ಮಾತು ಸಾಕಷ್ಟು ಆಡಿದೀನಿ. ಇನ್ನೂ ಕೇಳದೆ ಇರೋರಿಗೆ ಮುಂದೆ ಹೇಳಿಯೂ ಪ್ರಯೋಜನ ಇಲ್ಲ’ ಎಂದು ನನ್ನ ಗಂಡನ ಕಡೆ ನೋಡಿದರು. ಆಸ್ಪತ್ರೆಯ ವಾಕ್ ಚಿಕಿತ್ಸಕಿ ಒಂದು ಉಪಾಯ ಹೇಳಿಕೊಟ್ಟರು. ಇನ್ನೂರು ವಾಕ್ಯಗಳ ಪಟ್ಟಿ ಕೊಡುತ್ತೇವೆ, ಅವನ್ನು ಹಿನ್ನೆಲೆಯ ಸದ್ದಿಲ್ಲದಂತೆ ಅವರ ದನಿಯಲ್ಲೇ ಮುದ್ರಿಸಿ ತನ್ನಿ, ಆಮೇಲೆ ಒಂದು ಟ್ಯಾಬಿನಲ್ಲಿ ಗುಂಡಿ ಒತ್ತಿದರೆ ಅವರ ದನಿಯೇ ಮಾತಾಡುತ್ತದೆ ಎಂದರು. ಹೀಗೆ ತಾವು ನಮ್ಮ ಮನೆಗೆ ದಯಮಾಡಿಸಿದಿರಿ.

ಇಲ್ಲಿ ತಮಗೆ ತಿಳಿಸದೆ ಇದ್ದ ಒಂದು ಸಂಗತಿಯಿದೆ, ಅದಕ್ಕೆ ಕ್ಷಮೆ ಕೋರುತ್ತೇನೆ. ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಅವರಿಗೆ ಎರಡು ದನಿ. ಕಿವಿಗೆ ಹೆಡ್‌ಫೋನ್ ಏರಿದರೆ ಒಂದು: ತಗ್ಗಿದ, ತಿದ್ದಿ ತೀಡಿದ, ಒರೆಸಿ ಬೋರಲು ಹಾಕಿದ ಲೋಟದಂಥ ದನಿ. ಕಿವಿಯಿಂದ ಅದು ಇಳಿದರೆ ಇನ್ನೊಂದು. ಆ ಇನ್ನೊಂದನ್ನು ವರ್ಣಿಸುವುದಕ್ಕಿಂತ, ಗೋಡೆಯಾಚೆಯ ಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುವ ದರ್ಜಿ ಹೆಂಗಸಿಗೆ ನಮ್ಮ ಮನೆಯಲ್ಲಿ ಯಾರು ಯಾವಾಗ ಏನು ಮರೆತರು ಎಂಬುದೆಲ್ಲ ದಿನವೂ ಗೊತ್ತಾಗುತ್ತಿತ್ತು ಎಂದರೆ ಸಾಕು. ದಿನವಿಡೀ ‘ಸದ್ದು ಮಾಡಬೇಡಿ’ ಎಂಬ ಫಲಕದ ಕೆಳಗೆ ಕೂತು ಸಂಜೆ ಮನೆಗೆ ಬರುತ್ತಿದ್ದ ನನ್ನನ್ನು ಆ ದನಿ ಮೆಟ್ಟಿಲ ಕೆಳಗೇ ಎದುರುಗೊಳ್ಳುತ್ತಿತ್ತು. ನನಗೀಗ ನಲವತ್ತೆಂಟು, ಅದು ನನ್ನನ್ನು ಕಡೆಯವರೆಗೂ ‘ಏ ಹುಡುಗಿ’ ಎಂದೇ ಕರೆಯುತ್ತಿತ್ತು. ಫೋನಿನಲ್ಲಿ ಮಾತ್ರ ಅದು ಎಂದೂ ಕೇಳಿದ್ದಿಲ್ಲ. ಮಗ ಫೋನ್ ಮಾಡಿದರೂ ಅತ್ತೆ ‘ಹೇಳಿ, ಕೇಳಿಸುತ್ತಿದೆ’ ಎನ್ನುವವರು. ಒಂದು ಮದುವೆಯ ವಿಡಿಯೋದಲ್ಲಿ ಅವರು ಯಾರನ್ನೋ ಗದರುವ ದೃಶ್ಯವಿದೆ, ಬಾಯಿ ಚೆನ್ನಾಗಿ ಆಡುತ್ತದೆ, ಅದರ ಮೇಲೆ ಸಿನಿಮಾ ಹಾಡು ಹಾಕಿದ್ದಾರೆ. ಹಾಗಾಗಿ ಮನೆಯ ದನಿಯನ್ನು ಹಿಡಿದಿಡುವ ಭಾರ ಪೂರ್ತಿ ತಮ್ಮ ಮೇಲೆ ಬಿತ್ತು.

ಕಿಟಕಿಗೆ ಹಾಸಿಗೆ ಒರಗಿಸಿ, ಬಾಗಿಲಿಗೆ ಎರಡು ಕಂಬಳಿ ತೂಗುಹಾಕಿ, ಫ್ಯಾನ್ ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಅತ್ತೆಯನ್ನು ಮೈಕಿನ ಮುಂದೆ ಕೂರಿಸಿದೆವು. ತಮ್ಮ ಶ್ರವಣಶಕ್ತಿಗೆ ಎಲ್ಲಿಯ ಸಾಟಿ. ಅಡುಗೆಮನೆಯ ಫ್ರಿಜ್ಜು ಗುಂಯ್ ಎನ್ನುವುದು, ಗೋಡೆಯಾಚೆಯ ಹೊಲಿಗೆ ಯಂತ್ರ, ನಾನು ಉಗುಳು ನುಂಗಿದ್ದು, ಎಲ್ಲವನ್ನೂ ತಾವು ಭಕ್ತಿಯಿಂದ ಬರೆದುಕೊಂಡಿರಿ. ಪಕ್ಕದ ಕೋಣೆಯಿಂದ ನನ್ನ ಗಂಡ ‘ಯಂತ್ರ ಸರಿಯಾಗೇ ಇದೆ, ಅಮ್ಮನೇ ಸರಿಯಿಲ್ಲ’ ಎಂದು ಪಿಸುಗುಟ್ಟಿದ್ದೂ ಮೂರನೆಯ ಫೈಲಿನಲ್ಲಿ ಸ್ಪಷ್ಟವಾಗಿದೆ, ಅದರ ಹಿಂದೆಯೇ ‘ಕೇಳಿಸ್ತು’ ಎಂಬ ಅತ್ತೆಯ ಒಂದು ಪದವೂ.

ಆದರೆ ವಾಕ್ಯಗಳು ಮಾತ್ರ ಮುಂದೆ ಸಾಗಲಿಲ್ಲ. ಅತ್ತೆ ‘ನನಗೆ’ ಎನ್ನುವರು, ನಿಲ್ಲಿಸುವರು. ‘ದಯವಿಟ್ಟು’ ಎನ್ನುವರು, ಬಾಯಿ ಮುಚ್ಚಿ ಕಾಯುವರು. ಏನಾಯಿತು ಅತ್ತೆ ಎಂದರೆ, ‘ಲೈನಲ್ಲಿ ಬೇರೆ ಯಾರೋ ಇದಾರೆ’ ಎಂದರು. ಆಮೇಲೆ ನಾನು ಹೆಡ್‌ಫೋನ್ ಹಾಕಿಕೊಂಡು ನೋಡಿದೆ. ಆಡಿದ ಮಾತನ್ನು ತಾವು ಕಂಪ್ಯೂಟರಿನೊಳಗೆ ಕಳಿಸಿ, ಅಲ್ಲಿ ಏನೇನು ಉಪಚಾರ ಆಗಬೇಕೋ ಆಗಿ, ಮತ್ತೆ ಕಿವಿಗೆ ತಲುಪಿಸುವುದರೊಳಗೆ ಅರೆ ಗಳಿಗೆ ತಡವಾಗುತ್ತಿತ್ತು. ಅತ್ತೆಗೆ ಕೇಳಿಸುತ್ತಿದ್ದದ್ದು ಅವರದೇ ದನಿ. ಹಾಗೆಂದು ಹೇಳಿದರೆ ಅವರು ನಂಬಲಿಲ್ಲ. ‘ನಾನು ಇಷ್ಟು ಮುದುಕಿ ಥರ ಮಾತಾಡ್ತೀನಾ? ಹೋಗಲಿ, ಪಾಪ, ಆ ಹೆಂಗಸು ಮುಗಿಸಲಿ, ಆಮೇಲೆ ನಾನು’ ಎಂದರು. ಎಕ್ಸ್‌ಚೇಂಜಿನ ನಿಯಮ ಅದು: ಲೈನಿನಲ್ಲಿ ಇನ್ನೊಬ್ಬರ ಮಾತು ಕೇಳಿದ ಕೂಡಲೇ ಆಪರೇಟರ್ ಬಾಯಿ ಮುಚ್ಚಿ ಹೊರಗೆ ಸರಿಯಬೇಕು. ಹೆಡ್‌ಫೋನ್ ತೆಗೆದುಬಿಡಿ ಎಂದರೆ ಅದಕ್ಕೂ ಒಪ್ಪಲಿಲ್ಲ. ಕಿವಿಗೆ ಏನೂ ಇಲ್ಲದೆ ಮೈಕಿನ ಮುಂದೆ ಮಾತಾಡುವುದು ಬಾವಿಗೆ ಬಗ್ಗಿ ಮಾತಾಡಿದ ಹಾಗೆ ಎಂದರು. ಹೀಗೆ ಹನ್ನೆರಡು ದಿನಗಳಲ್ಲಿ ಒಂಬತ್ತು ದಿನ, ಐವತ್ತು ವರ್ಷದಿಂದ ಯಾರಿಗೂ ಬಿಟ್ಟುಕೊಡದ ನನ್ನ ಅತ್ತೆ, ತಮ್ಮ ಕೃಪೆಯಿಂದ, ಸ್ವಂತ ದನಿಗೇ ದಾರಿ ಬಿಡುತ್ತಾ ಕೂತರು.

ಒಂಬತ್ತನೆಯ ದಿನ ತಮ್ಮ ಬೆನ್ನಿನ ಧೂಳು ಒರೆಸುವಾಗ ಅಲ್ಲೊಂದು ಎಳ್ಳುಕಾಳಿನಷ್ಟು ಸ್ವಿಚ್ಚು ನನ್ನ ಉಗುರಿಗೆ ತಗುಲಿತು. ಅದನ್ನು ಸರಿಸಿದರೆ ದನಿ ಕಂಪ್ಯೂಟರಿನ ಪ್ರವಾಸ ಬಿಟ್ಟು ನೇರವಾಗಿ ಕಿವಿಗೆ ಬರುತ್ತದೆ, ತಡವೇ ಇಲ್ಲ. ಇಂಥ ಉಪಕಾರಿಯನ್ನು ಬೆನ್ನ ಮೇಲೆ, ಹೆಸರು ಕೂಡ ಬರೆಯದೆ ಇಟ್ಟುಕೊಂಡಿರುವ ತಮ್ಮ ವಿನಯಕ್ಕೆ ಏನೆನ್ನಲಿ. ಸ್ವಿಚ್ಚು ಸರಿಸಿದೆ. ಲೈನು ತೆರವಾಯಿತು. ಎರಡೇ ದಿನದಲ್ಲಿ ಅತ್ತೆ ಇನ್ನೂರು ವಾಕ್ಯಗಳನ್ನೂ, ಆಗಲೇ ತುಸು ಒಡೆಯತೊಡಗಿದ್ದ ಗಂಟಲನ್ನು ಬಿಗಿಹಿಡಿದು, ಒಂದೇ ಒಂದು ತಪ್ಪಿಲ್ಲದೆ ಓದಿ ಮುಗಿಸಿದರು. ಆಪರೇಟರಿನ ದನಿಯಲ್ಲಿ.

ಒಂದು ಕಡೆ ಮಾತ್ರ ಹಾಗಾಗಲಿಲ್ಲ. ನೂರ ನಲವತ್ತೇಳನೆಯ ವಾಕ್ಯ ‘ದಯವಿಟ್ಟು ದೀಪ ಆರಿಸಿ.’ ಅತ್ತೆ ‘ದಯವಿಟ್ಟು’ ಎಂದವರು ಮೂಗು ಅರಳಿಸಿದರು, ಹೆಡ್‌ಫೋನ್ ಕಿತ್ತು ತೊಡೆಯ ಮೇಲೆ ಹಾಕಿದರು, ಮತ್ತು ತಮ್ಮ ಎದುರಿಗೇ, ಮೈಕಿನ ಮುಖಕ್ಕೇ, ಮನೆಯ ದನಿಯಲ್ಲಿ ಕೂಗಿದರು: ‘ಏ ಹುಡುಗಿ, ಹಾಲು. ಕಂಬದ ಥರ ನಿಂತಿದೀಯಲ್ಲ, ಒಲೆ ಆರಿಸೇ, ಹಾಲು ಹೋಯ್ತು.’ ನಾನು ಓಡಿದೆ. ಹಿಂದಿರುಗಿ ನೋಡಿದರೆ ತಮ್ಮ ಹಸಿರು ದೀಪ ಕೆಂಪಾಗಿತ್ತು. ಒಂಬತ್ತು ದಿನ ಫ್ರಿಜ್ಜನ್ನೂ ನನ್ನ ಉಗುಳನ್ನೂ ಅಳುಕದೆ ನುಂಗಿದ ತಾವು, ಈ ಮನೆಯಲ್ಲಿ ಹುಟ್ಟಿದ ಒಂದೇ ಒಂದು ನಿಜವಾದ ಮಾತು ಬಂದಾಗ ಕೈಯೆತ್ತಿಬಿಟ್ಟಿರಿ. ದನಿ ತಮ್ಮ ಅಳತೆ ಮೀರಿತಂತೆ. ಮೀರಿದಷ್ಟನ್ನು ಬೇಲಿಯ ತಲೆ ಸವರಿದಂತೆ ಸಪಾಟಾಗಿ ಕತ್ತರಿಸಿ, ಉಳಿದದ್ದನ್ನು ಒಡಕು ತಗಡಿನ ಸದ್ದು ಮಾಡಿ ಕೊಟ್ಟಿರಿ. ಚಿಕಿತ್ಸಕಿ ಅದೊಂದರ ಎದುರಿಗೆ ‘ದನಿ ಕೆಟ್ಟಿದೆ, ತಿರಸ್ಕರಿಸಿದೆ’ ಎಂದು ಬರೆದು, ಉಳಿದವಕ್ಕೆಲ್ಲ ‘ಅತ್ಯುತ್ತಮ’ ಎಂದರು. ಅಂದೇ ಸಂಜೆ ಅತ್ತೆ ‘ದಯವಿಟ್ಟು ದೀಪ ಆರಿಸಿ’ ಎಂದು ಇನ್ನೊಮ್ಮೆ, ನಯವಾಗಿ, ಓದಿಕೊಟ್ಟರು. ಮಾರನೆಯ ಬೆಳಿಗ್ಗೆ ಆಸ್ಪತ್ರೆ.

ಈಗ ಅತ್ತೆ ಮನೆಯಲ್ಲಿದ್ದಾರೆ, ಗುಣವಾಗುತ್ತಿದ್ದಾರೆ. ತಮ್ಮ ಸೇವೆಯ ಫಲ ನಮಗೆ ದಿನವೂ ದಕ್ಕುತ್ತಿದೆ. ಟ್ಯಾಬಿನಿಂದ ಅತ್ತೆಯ ದನಿ ‘ದಯವಿಟ್ಟು ಒಂದು ಲೋಟ ನೀರು ಕೊಡುವಿರಾ’ ಎನ್ನುತ್ತದೆ. ನೀರು ಕೊಟ್ಟರೆ ‘ಧನ್ಯವಾದಗಳು’ ಎನ್ನುತ್ತದೆ. ಇಪ್ಪತ್ತಮೂರು ವರ್ಷದಲ್ಲಿ ನನಗೆ ಈ ಮನೆಯಲ್ಲಿ ಯಾರೂ ಹೇಳಿರದ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಲೋಟ ಹಿಡಿದು ನಾನು ಅಲ್ಲೇ ಒಂದು ಕ್ಷಣ ನಿಲ್ಲುತ್ತೇನೆ. ‘ಏನ್ ನೋಡ್ತಿದೀಯಾ, ಹೋಗು ಕೆಲಸ ನೋಡು’ ಎಂಬುದು ಇನ್ನೂ ಬರಬೇಕಿದೆ ಎಂದು ಕಾಲುಗಳಿಗೆ ಅಭ್ಯಾಸ. ಅದು ಬರುವುದಿಲ್ಲ. ಅತ್ತೆಗೂ ಸಮಾಧಾನವಿಲ್ಲ. ಗುಂಡಿ ಒತ್ತಿ, ತಮ್ಮದೇ ದನಿಯ ಕಡೆ ಮುಖ ಸಿಂಡರಿಸಿ ನೋಡುತ್ತಾರೆ. ಮೊನ್ನೆ ಚೀಟಿಯಲ್ಲಿ ‘ಆ ಹೆಂಗಸು ಬಹಳ ಒಳ್ಳೆಯವಳು. ಅವಳ ಕೈಲಿ ಸಂಸಾರ ಆಗಲ್ಲ’ ಎಂದು ಬರೆದು ಕೊಟ್ಟರು. ಈಗ ಟ್ಯಾಬನ್ನು ಪಕ್ಕಕ್ಕೆ ಸರಿಸಿ, ಚಮಚದಿಂದ ತಟ್ಟೆ ಬಡಿಯುತ್ತಾರೆ.

ಆದ್ದರಿಂದ ತಮ್ಮಲ್ಲೂ, ತಮ್ಮನ್ನು ತಯಾರಿಸಿದ ಮಹನೀಯರಲ್ಲೂ ಕೆಲವು ಕೋರಿಕೆಗಳು. ಮುಂದಿನ ಮಾದರಿಯಲ್ಲಿ ಮೂರನೆಯದೊಂದು ಗುಂಡಿ ಇರಲಿ, ಎಡಕ್ಕೆ ತಿರುಗಿಸಿದರೆ ಕಚೇರಿ, ಬಲಕ್ಕೆ ತಿರುಗಿಸಿದರೆ ಮನೆ. ಆ ಅರೆ ಗಳಿಗೆಯ ತಡವನ್ನು ದಯವಿಟ್ಟು ಬಿಸಾಡಬೇಡಿ; ಅದನ್ನು ನನ್ನ ಗಂಡನ ತಲೆಗೂ ನಾಲಿಗೆಗೂ ನಡುವೆ ಅಳವಡಿಸಲು ಬರುವುದಾದರೆ ತಂತಿ ನಾನೇ ತರುತ್ತೇನೆ. ಕೆಂಪು ದೀಪ ಉರಿಸುವ ಮುನ್ನ, ಇದು ದೋಷವೋ ಇಲ್ಲಾ ಒಬ್ಬ ಹೆಂಗಸು ಸಹಜವಾಗಿರುವುದೋ ಎಂದು ಮನೆಯವರನ್ನು ಒಂದು ಮಾತು ಕೇಳುವ ಪದ್ಧತಿ ಇಟ್ಟುಕೊಳ್ಳಿ. ಕಡೆಯದಾಗಿ, ನೂರ ನಲವತ್ತೇಳನೆಯ ಫೈಲಿನಲ್ಲಿ ತಾವು ಕತ್ತರಿಸಿ ತೆಗೆದ ಆ ಮೇಲಿನ ತುಂಡನ್ನು ಹಿಂದಿರುಗಿಸಿ. ಅದು ತಮಗೆ ಯಾವ ಉಪಯೋಗಕ್ಕೂ ಬಾರದು. ಅದರ ತುದಿಯಲ್ಲಿ ‘ಏ ಹುಡುಗಿ’ ಎಂದಿದೆ, ತಾವು ಹುಡುಗಿಯಲ್ಲ.

ಇಂತು, ತಮ್ಮ ಬೆನ್ನ ಸ್ವಿಚ್ಚನ್ನು ಒಂಬತ್ತು ದಿನ ತಡವಾಗಿ ಕಂಡುಕೊಂಡ,
ತಮ್ಮ ವಿಶ್ವಾಸಿ,
ಸೊಸೆ

ಮರೆತ ಮಾತು: ಪತ್ರ ಮುಗಿಸಿದ ಮೇಲೆ, ಆಪಾದನೆ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಇವತ್ತು ಬೆಳಿಗ್ಗೆ ಆ ತಿರಸ್ಕೃತ ಫೈಲನ್ನು ಸ್ಪೀಕರಿನಲ್ಲಿ ಗಟ್ಟಿಯಾಗಿ ಹಾಕಿದೆ. ಅತ್ತೆ ಮಂಚದ ಮೇಲಿಂದ ತಲೆಯೆತ್ತಿ ಕೇಳಿದರು, ಮೊದಲ ಸಲ ‘ಆ ಹೆಂಗಸು’ ಎನ್ನದೆ ತಮ್ಮ ಎದೆಯ ಮೇಲೆ ಬೆರಳಿಟ್ಟು ತೋರಿಸಿಕೊಂಡರು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಗೋಡೆಯಾಚೆಯ ದರ್ಜಿ, ಕುತ್ತಿಗೆಯಲ್ಲಿ ಅಳತೆ ಟೇಪು, ಒಂದೇ ಕಾಲಿಗೆ ಚಪ್ಪಲಿ. ‘ಅಮ್ಮೋರಿಗೆ ದನಿ ಬಂತಾ ಅಕ್ಕಾ?’ ಎಂದಳು. ಇಲ್ಲ, ಹಳೆಯದು, ಯಂತ್ರ ಅದನ್ನೂ ಒಡಕು ಮಾಡಿಟ್ಟಿದೆ ಎಂದೆ. ಅವಳು ಬಾಗಿಲಲ್ಲೇ ನಿಂತು, ‘ಒಡಕೇನಿಲ್ಲ, ಗೋಡೆ ಆಚೆಯಿಂದ ನಂಗೆ ಯಾವಾಗ್ಲೂ ಹಿಂಗೇ ಕೇಳಿಸ್ತಿದ್ದಿದ್ದು. ಅಮ್ಮೋರು ಕೂಗಿದ್ರೆ ನಾನೂ ಎದ್ದು ನಮ್ಮನೆ ಒಲೆ ಆರಿಸ್ತಿದ್ದೆ. ಈ ಐದು ವಾರದಲ್ಲಿ ನಾಲ್ಕು ಸಲ ಹಾಲು ಉಕ್ಕಿ ಹೋಗಿದೆ. ಈಗ್ಲೂ ಓಡಿದೆ ಅಕ್ಕಾ, ನೋಡಿದ್ರೆ ನಾನು ಹಾಲೇ ಇಟ್ಟಿರ್ಲಿಲ್ಲ. ನಾಳೆ ಏಳೂವರೆಗೆ ಇದನ್ನ ಹಾಕಿ, ಹಾಲು ಇಟ್ಟಿರ್ತೀನಿ’ ಎಂದಳು.